ನಾನು ನೋಡಿದ್ದ ಸಮುದ್ರ

ಮಾಸ್ತರಿಕೆಯಲ್ಲಿ ಏನು ಬೇಕಾದರೂ ಹೇಳಬಹುದು, ‘ಗೊತ್ತಿಲ್ಲ’ ಅನ್ನುವುದೊಂದನ್ನು ಬಿಟ್ಟು. ಡಾಕ್ಟರಾದರೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಸಾಗಹಾಕಬಹುದು, ವಕೀಲರಾದರೆ ಮುಂದಿನ ತಾರೀಖು ಕೇಳಬಹುದು, ಕಚೇರಿಯ ಗುಮಾಸ್ತನಾದರೆ ‘ಸಾಹೇಬರು ಇಲ್ಲ’ ಎಂದು ಚಹಾಕ್ಕೆ ಹೋಗಬಹುದು. ಒಂಬತ್ತನೆಯ ತರಗತಿಯ ಎದುರು ಸೀಮೆಸುಣ್ಣ ಹಿಡಿದು ನಿಂತವನಿಗೆ ಇಂಥ ಯಾವ ಸೌಲಭ್ಯವೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ತರಗತಿಯಲ್ಲಿ ಮಾನ ಹೋಗಲು ಅಡಿಕೆಯೂ ಬೇಕಿಲ್ಲ, ಮುಂದಿನ ಸಾಲಿನ ಹುಡುಗಿಯ ಒಂದು ಪ್ರಶ್ನೆ ಸಾಕು. ನನ್ನ ಜೀವನದ ದೊಡ್ಡ ಸುಳ್ಳು ಹುಟ್ಟಿದ್ದು ಅಂಥ ಒಂದು ಪ್ರಶ್ನೆಯಿಂದ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಸಮಾಜ ವಿಜ್ಞಾನದ ಶಿಕ್ಷಕನಾಗಿ ಯಡ್ರಾಮಿಗೆ ಹೊಸದಾಗಿ ಬಂದಿದ್ದೆ. ಯುರೋಪಿನವರು ಸಮುದ್ರಮಾರ್ಗ ಹುಡುಕಿಕೊಂಡು ಭಾರತಕ್ಕೆ ಬಂದ ಪಾಠ. ಪೋರ್ಚುಗೀಸರ ಹಡಗನ್ನು ಆಫ್ರಿಕಾದ ತುದಿ ದಾಟಿಸಿ ಇನ್ನೇನು ಕೇರಳದ ದಂಡೆಗೆ ಹಚ್ಚಬೇಕು, ಅಷ್ಟರಲ್ಲಿ ಆ ಹುಡುಗಿ ಎದ್ದು ನಿಂತು, “ಸರ್, ನೀವು ಸಮುದ್ರ ನೋಡೀರೇನ್ರಿ?” ಎಂದು ಕೇಳಿದಳು. ಇಡೀ ತರಗತಿ ನನ್ನ ಬಾಯಿ ನೋಡತೊಡಗಿತು. ನಾನು ಹುಟ್ಟಿದ್ದು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ನಮ್ಮಿಂದ ದೂರವೇ. ಹೊಳೆಗೆ ನೆರೆ ಬಂದಾಗ ಕಂಡದ್ದೇ ನಾನು ಕಂಡ ಅತಿ ದೊಡ್ಡ ನೀರು. ಆದರೂ ಬಾಯಿ ತಾನಾಗಿಯೇ “ನೋಡೇನಿ” ಎಂದುಬಿಟ್ಟಿತು.

ಅಲ್ಲಿಗೆ ನಿಂತಿದ್ದರೆ ನನ್ನ ಪಾಪ ಚಿಕ್ಕದಿರುತ್ತಿತ್ತು. ಮಕ್ಕಳು ಬಿಡಬೇಕಲ್ಲ? “ಹೆಂಗದ ಸರ್?” ಅಂದರು. ಮೊದಲ ವರ್ಷ ದಂಡೆಯಲ್ಲಿ ನಿಂತು ನೋಡಿದೆ ಅಂದೆ. ಮರುವರ್ಷ ಹಡಗು ಹತ್ತಿದೆ. ಅದರ ಮುಂದಿನ ವರ್ಷ ಬಿರುಗಾಳಿ ಎದ್ದಿತು. ನಾನು ಜೇವರ್ಗಿ ಕಡೆಯ ಶಾಲೆಗೆ ವರ್ಗವಾಗಿ ಬರುವಷ್ಟರಲ್ಲಿ ಅಲೆಗಳು ತೆಂಗಿನ ಮರದಷ್ಟು ಎತ್ತರಕ್ಕೆ ಏಳುತ್ತಿದ್ದವು, ಜನರೆಲ್ಲ ವಾಂತಿ ಮಾಡಿಕೊಂಡು ಬಿದ್ದಿದ್ದರು, ನಾನೊಬ್ಬನೇ ಕಂಬ ಹಿಡಿದು ನಿಂತಿದ್ದೆ, ಹಡಗಿನ ಕಪ್ತಾನ ಬಂದು ನನ್ನ ಕೈ ಹಿಡಿದು, “ಈಗ ಯಾ ಕಡೆ ಹೋಗೂಣು, ನೀವೇ ಹೇಳ್ರಿ” ಎನ್ನುತ್ತಿದ್ದ. ಇಂಗ್ಲಿಷ್ ಮಾತಾಡುವ ಕಪ್ತಾನ ಜೇವರ್ಗಿಯ ಕನ್ನಡದಲ್ಲಿ ಕೇಳಿದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಉತ್ತರಕ್ಕೆ ಹೋಗು ಎಂದು ನಾನು ಹೇಳುತ್ತಿದ್ದೆ, ಹಡಗು ಉಳಿಯುತ್ತಿತ್ತು, ಗಂಟೆ ಬಾರಿಸುತ್ತಿತ್ತು.

ನಿಜ ಗೊತ್ತಿದ್ದವಳು ನನ್ನ ಹೆಂಡತಿ ಮಹಾದೇವಿ ಒಬ್ಬಳೇ. ಮದುವೆಯಾದ ಹೊಸತರಲ್ಲಿ, “ನೀವು ಸಮುದ್ರ ಕಂಡವರಂತ. ನನಗೂ ಒಮ್ಮಿ ತೋರಸ್ರಿ” ಅಂದಿದ್ದಳು. ನಾನು ಬಸ್ಸು ಹತ್ತಿಸಿ ಗಾಣಗಾಪುರದ ಸಂಗಮಕ್ಕೆ ಕರೆದುಕೊಂಡು ಹೋದೆ. ಆಕೆ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ನನ್ನ ಮುಖ ನೋಡಿದಳು. ಆವತ್ತಿನಿಂದ ಮನೆಯಲ್ಲಿ ನಾನು ಯಾವ ವಿಷಯದಲ್ಲಿ ಸ್ವಲ್ಪ ಜೋರು ಮಾಡಿದರೂ ಆಕೆ, “ಹೌದ್ರಿ, ನೀವು ಸಮುದ್ರ ನೋಡಿದವರು” ಎಂದು ಒಳಗೆ ಹೋಗುತ್ತಾಳೆ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹೀಗೆ ಇಪ್ಪತ್ತೇಳು ವರ್ಷ ಸುಖವಾಗಿ ನಡೆದ ಸುಳ್ಳಿಗೆ ಕುತ್ತು ಬಂದದ್ದು ಒಂದು ಫೋನಿನಿಂದ. ಕರೆ ಮಾಡಿದವನು ಸಿದ್ರಾಮ, ನನ್ನ ಹಳೆಯ ವಿದ್ಯಾರ್ಥಿ. ಭೀಮಾ ದಂಡೆಯ ಹುಡುಗ, ತಂದೆಯಿಲ್ಲ, ತಾಯಿ ಗೌರಾಬಾಯಿ ಕಂಡವರ ಹೊಲದಲ್ಲಿ ದುಡಿದು ಓದಿಸಿದವಳು. ಅವನೀಗ ಕೊಚ್ಚಿಯ ನೌಕಾನೆಲೆಯಲ್ಲಿ ಕೆಲಸಕ್ಕಿದ್ದ, ಹಡಗು ನಡೆಸುತ್ತಾನೆ ಎಂದು ಊರೆಲ್ಲ ಸುದ್ದಿ. “ಸರ್, ನಿಮ್ಮ ಪಾಠ ಕೇಳೇ ನಾ ಈ ಸಮುದ್ರದ ದಂಡಿಗೆ ಬಂದೇನಿ. ರಜಾದಾಗ ಅಮ್ಮಾವ್ರನ್ನ ಕರಕೊಂಡು ಜರೂರ ಬರ್ರಿ. ನೀವು ಆಗ ನೋಡಿದ ಸಮುದ್ರ, ಈಗ ನಿಮ್ಮ ಶಿಷ್ಯಾ ತೋರಸ್ತಾನ” ಅಂದ. ಇಂಥ ಮಾತು ಕೇಳಿದರೆ ಯಾವ ಮಾಸ್ತರನಿಗಾದರೂ ಕಣ್ಣು ತುಂಬಬೇಕು. ನನಗೆ ಬೆವರು ಬಂತು. ಹಡಗಿನ ಮೇಲೆ ಬದುಕುವ ಒಬ್ಬನ ಮುಂದೆ ನನ್ನ ಸಮುದ್ರ ಎಷ್ಟು ಹೊತ್ತು ನಿಂತೀತು? ಅವನು ಅಲ್ಲಿ ನಕ್ಕರೆ ಪರವಾಗಿಲ್ಲ, ಊರಿಗೆ ಬಂದು ನಕ್ಕರೆ? ಬಸ್ ನಿಲ್ದಾಣದಿಂದ ಸಂತೆಯವರೆಗೂ ನನ್ನಿಂದ ಪಾಠ ಕೇಳಿದವರೇ ಇದ್ದಾರೆ. ಮೊಣಕಾಲು ನೋವು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಮಹಾದೇವಿ ನನ್ನ ಕೈಯಿಂದ ಫೋನು ಕಸಿದುಕೊಂಡು, “ಬರ್ತೇವಪ್ಪಾ, ಖರೇ ಬರ್ತೇವಿ. ಸಂಗಮ ನೋಡಿ ನೋಡಿ ಬ್ಯಾಸರ ಬಂದದ” ಎಂದಳು.

ಹೊರಡುವ ಮುನ್ನ ಮಗನಿಗೆ ಬುತ್ತಿ ಕೊಡಲು ಗೌರಾಬಾಯಿ ಮನೆಗೆ ಬಂದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಎಲ್ಲ ಸೇರಿ ಒಂದು ಕೂಸಿನಷ್ಟು ದೊಡ್ಡ ಗಂಟು. ಕುಳಿತವಳೇ ಮಗನ ಪರಾಕ್ರಮ ಶುರು ಮಾಡಿದಳು. ಒಮ್ಮೆ ನಡುಸಮುದ್ರದಲ್ಲಿ ಗಾಳಿ ಎದ್ದಿತಂತೆ, ತೆಂಗಿನ ಮರದಷ್ಟು ಎತ್ತರದ ನೀರಂತೆ, ಎಲ್ಲರೂ ಕಾರಿಕೊಂಡು ಬಿದ್ದಾಗ ಸಿದ್ರಾಮನೊಬ್ಬನೇ ಕಂಬ ಹಿಡಿದು ನಿಂತಿದ್ದನಂತೆ. “ಕಪ್ತಾನನೇ ಬಂದು, ಸಿದ್ರಾಮಾ, ಯಾ ಕಡೆ ಹೋಗೂಣು ಹೇಳಪ್ಪಾ ಅಂದನಂತ್ರಿ ಮಾಸ್ತರ!” ಅಂದಳು. ಅದನ್ನು ಕೇಳಿ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಸುಳ್ಳೆಂದುಕೊಂಡು ಹೇಳಿದ್ದೆ, ಆದರೆ ಸಮುದ್ರದಲ್ಲಿ ನಿಜವಾಗಿಯೂ ಹೀಗೇ ಆಗುತ್ತದಲ್ಲ! ಒಳ್ಳೆಯ ಶಿಕ್ಷಕ ನೋಡದೆಯೂ ಸರಿಯಾಗಿ ಹೇಳಬಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮಹಾದೇವಿ ಮಾತ್ರ ಗೌರಾಬಾಯಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಚಹಾ ಸೋಸಲು ಹೋದಳು.

ಕಲಬುರಗಿಯಲ್ಲಿ ಹತ್ತಿದ ರೈಲು ಒಂದು ಹಗಲು, ಒಂದು ರಾತ್ರಿ, ಮೇಲೊಂದಿಷ್ಟು ಹೊತ್ತು ಓಡಿ ನಮ್ಮನ್ನು ಎರ್ನಾಕುಲಂನಲ್ಲಿ ಇಳಿಸಿತು. ಸಿದ್ರಾಮ ನಿಲ್ದಾಣದಲ್ಲೇ ಕಾಲಿಗೆ ಬಿದ್ದ. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಬಣ್ಣ ಏನೂ ಸುಟ್ಟಿರಲಿಲ್ಲ. ಬಿರುಗಾಳಿಯಲ್ಲಿ ನಿಂತವನಂತೆ ಕಾಣಲಿಲ್ಲ, ಆದರೆ ನಾನೂ ಹಾಗೆ ಕಾಣುವುದಿಲ್ಲವಲ್ಲ ಎಂದು ಸುಮ್ಮನಾದೆ. ಅಲ್ಲಿಂದ ದೋಣಿಯಲ್ಲಿ ಹಳೆಯ ಕೋಟೆಯ ಪೇಟೆ ಕಡೆಗೆ ಹೊರಟೆವು. ಜನ ತರಕಾರಿ ಚೀಲ, ಸೈಕಲ್ಲು ಇಟ್ಟುಕೊಂಡು ನಮ್ಮ ಸಿಟಿ ಬಸ್ಸಿನಲ್ಲಿ ನಿಂತಂತೆ ನಿಂತಿದ್ದರು. ನಾನು ಎರಡೂ ಕೈಯಿಂದ ಕಂಬಿ ಹಿಡಿದು ಕಣ್ಣು ಮುಚ್ಚಿದ್ದೆ. “ಸಮುದ್ರ ಬಂತೇನಪ್ಪಾ?” ಎಂದು ಮಹಾದೇವಿ ಕೇಳಿದಳು. “ಇಲ್ರಿ ಅಮ್ಮಾವ್ರ, ಇದು ಬರೇ ಹಿನ್ನೀರು. ಸರ್ ಅವರಿಗೆ ಗೊತ್ತೇ ಅದಲ್ಲ?” ಅಂದ ಸಿದ್ರಾಮ. ನಾನು ಕಣ್ಣು ತೆರೆಯದೆಯೇ ಗೊತ್ತಿದೆ ಎಂದು ತಲೆಯಾಡಿಸಿದೆ.

ಆಮೇಲೆ ಕಣ್ಣು ತೆರೆದರೆ ದೂರದಲ್ಲಿ ಬೂದು ಬಣ್ಣದ ಯುದ್ಧನೌಕೆಗಳು ನಿಂತಿದ್ದವು. ಮಾತು ನನ್ನ ಕಡೆ ತಿರುಗುವ ಮೊದಲೇ ನಾನು, “ನಿನ್ನ ಹಡಗು ಯಾವುದಪ್ಪಾ?” ಎಂದು ಕೇಳಿದೆ. ಅವನು ಕೈಯನ್ನು ಇಡೀ ದಿಗಂತದ ಮೇಲೆ ಒಮ್ಮೆ ಬೀಸಿ, “ಅದೆಲ್ಲಾ ಗುಪ್ತ ಇರ್ತದ್ರಿ ಸರ್. ಅದು ಬಿಡ್ರಿ, ನೀವು ಹತ್ತಿದ ಹಡಗ ಎಂಥಾದಿತ್ರಿ?” ಅಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. “ಅದು ಬಿಡು, ಆ ಕೋಟೆ ಯಾರು ಕಟ್ಟಿಸಿದ್ದು ಗೊತ್ತೇನು?” ಎಂದೆ. ಅವನಿಗೂ ಕೋಟೆಯೇ ಬೇಕಿತ್ತೆಂದು ಕಾಣುತ್ತದೆ, “ಹೇಳ್ರಿ ಸರ್, ಹೇಳ್ರಿ” ಎಂದು ಉತ್ಸಾಹದಿಂದ ಹತ್ತಿರ ಬಂದ. ಗುರುಶಿಷ್ಯರಿಬ್ಬರೂ ಹೀಗೆ ಸಮುದ್ರ ಬಿಟ್ಟು ಇತಿಹಾಸಕ್ಕೆ ಓಡಿದೆವು. ಅವನು ಯಾಕೆ ಓಡಿದ ಎಂದು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ.

ಇತಿಹಾಸದಲ್ಲಿ ನನಗೆ ಭಯವಿಲ್ಲ. ಅಲ್ಲಿ ನೋಡಿದವರು ಯಾರೂ ಉಳಿದಿರುವುದಿಲ್ಲ. ಹಳೆಯ ಚರ್ಚಿನಲ್ಲಿ, ಅರಮನೆಯಲ್ಲಿ, ಮೆಣಸು ಶುಂಠಿಯ ವಾಸನೆಯ ಗೋದಾಮುಗಳ ಬೀದಿಯಲ್ಲಿ ನನ್ನ ದನಿ ತರಗತಿಯ ದನಿಯಾಯಿತು. ಮೊದಲು ಪೋರ್ಚುಗೀಸರು ಬಂದರು, ಕೋಟೆ ಕಟ್ಟಿದರು. ಡಚ್ಚರು ಬಂದು ಅವರನ್ನು ಓಡಿಸಿ, ಕೋಟೆಯನ್ನು ಚಿಕ್ಕದು ಮಾಡಿ ತಮ್ಮದೆಂದರು. ಇಂಗ್ಲಿಷರು ಬಂದು ಡಚ್ಚರನ್ನು ಓಡಿಸಿ ಉಳಿದದ್ದನ್ನೂ ಕೆಡವಿ ಹಾಕಿದರು. ಒಂದೇ ಚರ್ಚಿನಲ್ಲಿ ಮೂರೂ ಜನ ಸರದಿಯ ಮೇಲೆ ಪ್ರಾರ್ಥನೆ ಮಾಡಿದರು. ನಮ್ಮ ತಾಲೂಕಿನಲ್ಲಿ ಒಂದೇ ನೀರಿನ ಟಾಕಿಯನ್ನು ಮೂರು ಪಾರ್ಟಿಯವರು ಮೂರು ಸಲ ಉದ್ಘಾಟನೆ ಮಾಡಿ ಮೂರು ಕಲ್ಲು ನೆಟ್ಟಿದ್ದಾರೆ. ಹೀಗಾಗಿ ಯುರೋಪಿನ ರಾಜಕೀಯ ಅರ್ಥವಾಗಲು ನಮಗೆ ಕಷ್ಟವೇ ಇಲ್ಲ. ಇಂಡಿ ಕಡೆಯಿಂದ ಪ್ರವಾಸ ಬಂದಿದ್ದ ಒಂದು ಕುಟುಂಬ ನನ್ನನ್ನು ಗೈಡ್ ಎಂದೇ ತಿಳಿದು ಹಿಂದೆ ಹಿಂದೆ ಬಂತು. ಕನ್ನಡದ ಗೈಡ್ ಇಷ್ಟು ದೂರ ಸಿಕ್ಕಿದ್ದು ತಮ್ಮ ಪುಣ್ಯ ಎಂದು ಅವರ ಹಿರಿಯರು ನನಗೆ ಎಲೆ ಅಡಿಕೆ ಕೊಟ್ಟರು. ದಂಡೆಯ ಚೀನೀ ಬಲೆಗಳ ಹತ್ತಿರ ಮಾತ್ರ ನನ್ನ ಭಾಷಣಕ್ಕೆ ಸ್ವಲ್ಪ ಧಕ್ಕೆಯಾಯಿತು. ಆನೆಯಷ್ಟು ದೊಡ್ಡ ಬಲೆಯನ್ನು ಐದಾರು ಜನ ಹಗ್ಗ ಜಗ್ಗಿ ಏರಿಸಿದರೆ ಒಳಗೆ ಬೆರಳಷ್ಟುದ್ದದ ನಾಲ್ಕು ಮೀನು ಕುಣಿಯುತ್ತಿದ್ದವು. ಮಹಾದೇವಿ ಮೂಗಿಗೆ ಸೆರಗು ಹಿಡಿದು, “ಇಷ್ಟ ಮಂದಿ ಜಗ್ಗಿ ಇಷ್ಟೇನ್ರಿ? ನಮ್ಮ ಗ್ರಾಮಸಭಾ ಇದ್ದಂಗ ಅದ” ಎಂದಳು. ಅವಳ ಮಾತಿಗೆ ಇಂಡಿಯವರು ನನ್ನ ಇಡೀ ಭಾಷಣಕ್ಕಿಂತ ಹೆಚ್ಚು ತಲೆದೂಗಿದರು.

ಅಂತೂ ಮೂರು ಗಂಟೆಯ ಸುಮಾರಿಗೆ ಸಮುದ್ರದ ದಂಡೆಗೆ ಬಂದೆವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅದು ಎದುರಿಗೆ ನಿಂತಿತ್ತು. ಅದನ್ನು ನೋಡಿ ನನ್ನ ಎದೆ ಧಸಕ್ಕೆಂದಿತು ಎಂಬುದನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೇಳು ವರ್ಷ ಸುಳ್ಳು ಹೇಳಿದರೂ ನಾನು ಅದನ್ನು ಚಿಕ್ಕದಾಗಿಯೇ ಹೇಳಿದ್ದೆ. ಆದರೆ ಬಾಯಿ ಬಿಟ್ಟು ನಿಲ್ಲುವಂತಿಲ್ಲ, ನಾನು ನೋಡಿದವನು. ಆಕಳಿಸಿದಂತೆ ಮಾಡಿ, “ಹೂಂ, ಹಂಗೇ ಅದ” ಅಂದೆ. ಮಹಾದೇವಿ ಮಾತ್ರ ಏನನ್ನೂ ಮುಚ್ಚಿಡದೆ, “ಯಪ್ಪಾ, ಎಷ್ಟದ!” ಎಂದು ಕೆನ್ನೆ ಬಡಿದುಕೊಂಡು ಕೈಮುಗಿದಳು. ಮರಳಿನ ಮೇಲೆ ಟವೆಲು ಹಾಸಿ ಬುತ್ತಿ ಬಿಚ್ಚಿದೆವು. ಸಿದ್ರಾಮ ಅವ್ವನ ಕೈರೊಟ್ಟಿ ಮುರಿದು ಮೂಸಿ ನೋಡಿ ಕಣ್ಣು ಮುಚ್ಚಿದ. ಅವನಿಗೆ ನಾನು ನೌಕಾಶಕ್ತಿಯಿಂದ ಸಾಮ್ರಾಜ್ಯಗಳು ಎದ್ದದ್ದು, ಬಿದ್ದದ್ದು ಹೇಳುತ್ತಾ ಹೋದೆ. ನೀರು ನಮ್ಮಿಂದ ಸಾಕಷ್ಟು ದೂರವಿತ್ತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ನಾನು ಬಿಟ್ಟ ಚಪ್ಪಲಿಯ ಪಕ್ಕದಲ್ಲಿದೆ. ಮತ್ತೆ ನೋಡಿದರೆ ಒಂದು ಚಪ್ಪಲಿ ತೇಲುತ್ತಿದೆ.

ಇಲ್ಲಿ ನಮ್ಮ ಭೀಮಾ ದಂಡೆಯವರ ರೀತಿಯೊಂದನ್ನು ಹೇಳಬೇಕು. ನಮ್ಮಲ್ಲಿ ಹೊಳೆಯ ನೀರು ತಾನಾಗಿ ಏರುವುದಿಲ್ಲ. ಮಳೆಯಾಗುವುದು ಮಹಾರಾಷ್ಟ್ರದಲ್ಲಿ, ಅಲ್ಲಿ ಡ್ಯಾಮಿನ ಬಾಗಿಲು ತೆಗೆಯುತ್ತಾರೆ, ಇಲ್ಲಿ ಸುಡು ಬಿಸಿಲಿದ್ದಾಗಲೇ ನೀರು ಬಂದು ನಿಲ್ಲುತ್ತದೆ. ಹಿಂದೆ ಊರಲ್ಲಿ ಹಲಗೆ ಬಾರಿಸಿ ಸಾರುತ್ತಿದ್ದರು, ಈಗ ಆಟೋದಲ್ಲಿ ಮೈಕು ಕಟ್ಟಿ ಸಾರುತ್ತಾರೆ. ಆ ಕೂಗು ಕೇಳಿದರೆ ಸಾಕು, ಉಣ್ಣುತ್ತಿದ್ದವರು ತಾಟು ಬಿಟ್ಟು ಹೊಳೆಗೆ ಓಡಿ ಪಂಪಿನ ಮೋಟಾರು ಬಿಚ್ಚಿ ಮೇಲೆ ತರಬೇಕು. ನೀರು ಒಂದು ಗೇಣು ಏರಿದ್ದು ಕಂಡರೂ ನಮ್ಮವರು ಯೋಚಿಸುವುದಿಲ್ಲ, ಕೂಗುತ್ತಾರೆ. ಹುಟ್ಟಿನಿಂದ ಬಂದ ಅಭ್ಯಾಸ ಅದು. ತೇಲುವ ಚಪ್ಪಲಿ ಕಂಡದ್ದೇ ನನ್ನೊಳಗಿನ ಸಮಾಜ ವಿಜ್ಞಾನವೆಲ್ಲ ಎಲ್ಲಿ ಹೋಯಿತೋ, ಎದ್ದು ನಿಂತು ಇಡೀ ದಂಡೆಗೆ ಕೇಳುವಂತೆ ಒದರಿದೆ.

“ನೀರ ಬಿಟ್ಟಾರ! ನೀರ ಬಿಟ್ಟಾರ! ಏಳ್ರಿ, ಮ್ಯಾಲ ಹತ್ರಿ! ಮೋಟಾರ ತಗೀರಿ!”

ಕೂಗಿ ಸುಮ್ಮನಿದ್ದೆನೇ? ಪಕ್ಕದಲ್ಲಿ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಬಿಳಿಯ ಮುದುಕರೊಬ್ಬರನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಯುರೋಪಿನವರನ್ನು ಆ ದಂಡೆಯಿಂದ ಓಡಿಸಿದವರ ಸಾಲಿನಲ್ಲಿ ನಾನು ಕೊನೆಯವನಿರಬೇಕು. ಅಲ್ಲಿದ್ದ ಮಲಯಾಳಿಗಳು, ಬೊಂಬಾಯಿಯವರು, ಐಸ್‌ಕ್ರೀಮಿನವನು, ಎಲ್ಲರೂ ಇದ್ದಲ್ಲೇ ಇದ್ದು ನನ್ನನ್ನು ನೋಡಿದರು. ಓಡಿದವರು ನಮ್ಮ ಹಿಂದೆಯೇ ಇಲ್ಲಿಗೂ ಬಂದಿದ್ದ ಇಂಡಿ ಕಡೆಯ ಕುಟುಂಬದವರು ಮಾತ್ರ. ಅವರೂ ಭೀಮಾ ದಂಡೆಯವರೇ. ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು, ಡಬ್ಬಿ ಬುಟ್ಟಿ ಎತ್ತಿಕೊಂಡು, ಒಂದು ಮಾತೂ ಕೇಳದೆ ನನಗಿಂತ ಮೊದಲು ದಂಡೆಯ ಮೇಲಿನ ಗೋಡೆ ಹತ್ತಿದ್ದರು. ಎಲೆ ಅಡಿಕೆ ಕೊಟ್ಟ ಹಿರಿಯರು ಮೇಲೆ ನಿಂತು ಏದುಸಿರು ಬಿಡುತ್ತಾ, “ಎಷ್ಟ ಕ್ಯೂಸೆಕ್ ಬಿಟ್ಟಾರಂತ್ರಿ?” ಎಂದು ವಿಚಾರಿಸಿದರು.

ಮಹಾದೇವಿ ಕೂತಲ್ಲಿಂದ ಎದ್ದಿರಲಿಲ್ಲ. ಕಾಲ ಬೆರಳುಗಳಿಗೆ ನೀರು ಮುಟ್ಟುತ್ತಿತ್ತು, ಕೈಯಲ್ಲಿ ಹಿಂಡಿಯ ಡಬ್ಬಿ ಎತ್ತಿ ಹಿಡಿದಿದ್ದಳು. “ಎಲ್ಲಿಂದ ಬಿಟ್ಟಾರ್ರಿ? ಸಮುದ್ರಕ್ಕ ಡ್ಯಾಮ ಯಾರು ಕಟ್ಯಾರ?” ಎಂದು ಕೇಳಿ, “ನಾಳೆ ಹುಣ್ಣಿವಿ. ಇದು ಭರತ ಅಲ್ಲೇನ್ರಿ? ನಮ್ಮ ಮಗಳಿಗೆ ನೀವೇ ಓದಸ್ತಿದ್ರಲ್ಲ, ಚಂದ್ರ ನೀರು ಜಗ್ಗತಾನ ಅಂತ” ಅಂದಳು. ಹೌದು, ಉಬ್ಬರವಿಳಿತ. ಪ್ರತಿ ವರ್ಷ ತರಗತಿಯ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸೂರ್ಯ, ಚಂದ್ರ, ಭೂಮಿ ಬರೆದು ಬಾಣ ಹಾಕಿ ತೋರಿಸಿದ್ದು ನಾನೇ. ಐದು ಅಂಕದ ಪ್ರಶ್ನೆ. ನಾನು ನಿಂತಲ್ಲೇ ಮರಳಿನಲ್ಲಿ ಹೂತುಹೋಗಬಾರದೇ ಅನ್ನಿಸಿತು. ಇನ್ನು ಸಿದ್ರಾಮನ ಮುಖ ನೋಡುವುದು ಹೇಗೆ?

ಸಿದ್ರಾಮ ಹೊಟ್ಟೆ ಹಿಡಿದುಕೊಂಡು ಒದ್ದೆ ಮರಳಿನಲ್ಲಿ ಕೂತು ನಗುತ್ತಿದ್ದ. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಸರ್, ನೀವೂ ಸಮುದ್ರ ನೋಡಿಲ್ಲೇನ್ರಿ?” ಅಂದ. ನಾನು ತಲೆ ತಗ್ಗಿಸಿ, “ಇಲ್ಲಪ್ಪಾ. ಇವತ್ತೇ ಮೊದಲು” ಎಂದೆ. ಆಮೇಲೆ ಅವನು ಕೇಳಿದ್ದರಲ್ಲಿ ಏನೋ ಉಳಿದಂತಾಗಿ, “ನೀವೂ ಅಂದರೆ? ಮತ್ತೆ ಯಾರು ನೋಡಿಲ್ಲ?” ಎಂದು ಕೇಳಿದೆ.

ಅವನ ನಗು ನಿಂತಿತು. ನೀರಿನ ಕಡೆ ನೋಡುತ್ತಾ ಎಲ್ಲ ಹೇಳಿದ. ಅವನಿದ್ದದ್ದು ಹಡಗಿನಲ್ಲಿ ಅಲ್ಲ, ನೆಲೆಯ ಉಗ್ರಾಣದಲ್ಲಿ. ಹಡಗಿಗೆ ಬೇಕಾದ ಹಗ್ಗ, ಬಣ್ಣದ ಡಬ್ಬಿ, ಸಾಬೂನು, ಮೊಳೆ ತೆಗೆದುಕೊಡುವ ಕೆಲಸ. ಒಳ್ಳೆಯ ಕೆಲಸವೇ. “ಒಮ್ಮಿ ಅರ್ಧಾ ದಿನ ಹಡಗದಾಗ ಕರಕೊಂಡು ಹೋಗಿದ್ರು ಸರ್. ದಂಡಿ ಬಿಡೂದ್ರಾಗ ಕಾರಿಕೊಂಡೇನಿ. ಮತ್ತ ಹತ್ತಿಲ್ಲ. ದಂಡಿ ನೋಡೇನಿ, ನಡುಸಮುದ್ರ ನಾನೂ ನೋಡಿಲ್ಲ. ಅವ್ವ ಊರಾಗ ಎಲ್ಲಾರ ಮುಂದ ಮಗ ಹಡಗ ನಡಸ್ತಾನ ಅಂತ ಹೇಳಿಬಿಟ್ಟಿದ್ಲು. ಇಲ್ಲವ್ವಾ ಅನ್ನಾಕ ನಾಲಿಗೀನೇ ಏಳಲಿಲ್ಲ. ಬಿರುಗಾಳಿ ಹೆಂಗಿರ್ತದ ಅಂತ ಕೇಳಿದ್ಲು. ನನಗೇನು ಮಾಲೂಮದ ಸರ್? ಒಂಬತ್ತನೇತ್ತಾದಾಗ ನೀವು ಹೇಳಿದ್ದೇ ಹೇಳಿದ್ನಿ. ಬರೇ ನಿಮ್ಮ ಹೆಸರ ತಗದು ನನ್ನ ಹೆಸರ ಹಾಕೇನಿ.”

ಗೌರಾಬಾಯಿಯ ಬಾಯಿಂದ ಕೇಳಿ ನಾನು ಬೆನ್ನು ತಟ್ಟಿಕೊಂಡ ಬಿರುಗಾಳಿ ನನ್ನದೇ ಆಗಿತ್ತು! ನನಗೆ ನಾಚಿಕೆಯಾಯಿತು, ಆ ಹುಡುಗನ ಮೇಲೆ ಎಂದೂ ಬಾರದಷ್ಟು ಪ್ರೀತಿಯೂ ಬಂತು. ನೂರಾರು ಮಕ್ಕಳಿಗೆ ಪಾಠ ಹೇಳಿದ್ದೇನೆ, ಹೇಳಿದ್ದನ್ನು ಒಂದಕ್ಷರ ಬಿಡದೆ ನೆನಪಿಟ್ಟವನು ಇವನೊಬ್ಬನೇ. ಅವನು ನನ್ನ ಕೈ ಹಿಡಿದು, “ದೀಪಾವಳಿಗೆ ಬಂದಾಗ ಅವ್ವಗ ನಾನೇ ಖರೇ ಹೇಳ್ತೇನಿ. ಬ್ಯಾರೆಯವರ ಬಾಯಿಂದ ಕೇಳಿದರ ಆಕಿ ಎದಿ ಒಡಕೋತಾಳ. ಅಲ್ಲೀತನಕ ನೀವು ಹೇಳಬ್ಯಾಡ್ರಿ ಸರ್” ಎಂದು ಬೇಡಿಕೊಂಡ. ನಾನು ಮಾತು ಕೊಟ್ಟೆ. ಹೋದ ಚಪ್ಪಲಿ ಸಿಗಲಿಲ್ಲ, ಉಳಿದದ್ದನ್ನೂ ಅಲ್ಲೇ ಬಿಟ್ಟೆ.

ವಾಪಸು ರೈಲಿನಲ್ಲಿ ಮಹಾದೇವಿ ನನ್ನಿಂದ ಇನ್ನೊಂದು ಮಾತು ತೆಗೆದುಕೊಂಡಳು. “ಗೌರಾಬಾಯಿ ಕೇಳಿದರ, ಮಗ ಆರಾಮ ಅದಾನ, ಚಂದಂಗ ಉಣ್ತಾನ, ಅಷ್ಟೇ ಅನ್ರಿ. ಅದು ಸುಳ್ಳೂ ಅಲ್ಲ, ಖರೇನೂ ಬಿಟ್ಟು ಕೊಟ್ಟಂಗಲ್ಲ. ಮ್ಯಾಲ ಒಂದ ಮಾತು ಆಡಿದ್ರ ನನ್ನ ಆಣಿ” ಅಂದಳು. ಹಾವೂ ಸಾಯದೆ ಕೋಲೂ ಮುರಿಯದ ಆ ಉಪಾಯಕ್ಕೆ ನಾನು ಸಂತೋಷದಿಂದ ಒಪ್ಪಿದೆ. ಇನ್ನು ಮೇಲೆ ತರಗತಿಯಲ್ಲೂ ಕಂಡದ್ದನ್ನಷ್ಟೇ ಹೇಳುವುದೆಂದು ನಿರ್ಧರಿಸಿದೆ. ವಾಡಿ ಜಂಕ್ಷನ್ ಬರುವ ಹೊತ್ತಿಗೆ ನನ್ನಷ್ಟು ಸತ್ಯವಂತ ಆ ಡಬ್ಬಿಯಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಗೌರಾಬಾಯಿ ಬಂದಳು. ಒಳ್ಳೆಯ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಜೊತೆಗೆ ಇಬ್ಬರು ನೆರೆಯವರನ್ನೂ ಕರೆದುಕೊಂಡು ಬಂದಿದ್ದಳು. “ನನ್ನ ಮಗ ಹೆಂಗದಾನ್ರಿ ಮಾಸ್ತರ?” ಎಂದಳು. “ಆರಾಮ ಅದಾನವ್ವಾ, ಚಂದಂಗ ಉಣ್ತಾನ” ಎಂದು ನಾನು ಬಾಯಿ ಮುಚ್ಚಿದೆ. ಮಾಸ್ತರನಿಂದ ಇಷ್ಟು ಚಿಕ್ಕ ಉತ್ತರವನ್ನು ಆಕೆ ಜನ್ಮದಲ್ಲಿ ಕೇಳಿರಲಿಲ್ಲ. ಗಾಬರಿಯಾಗಿ ನೆರೆಯವರನ್ನು ನೋಡಿ, ಮಹಾದೇವಿಯ ಕಡೆ ತಿರುಗಿದಳು. “ಯವ್ವಾ, ನೀ ಹೇಳು. ನನ್ನ ಮಗನ ಹಡಗ ನೋಡಿದ್ರಿಲ್ಲ?”

ಮಹಾದೇವಿ ಆ ಮುಖವನ್ನೂ ಅದರ ಹಿಂದಿನ ಎರಡು ಮುಖಗಳನ್ನೂ ನೋಡಿದಳು. ಆಣೆ ಹಾಕಿಸಿದವಳು ಆಕೆ, ಹಾಕಿಕೊಂಡವಳಲ್ಲ ಎಂಬುದು ನನಗೆ ಆಗ ಹೊಳೆಯಿತು. “ನೋಡಿದ್ವೆವ್ವಾ. ದೊಡ್ಡದ” ಅಂದಳು.

“ಎಷ್ಟ ದೊಡ್ಡದ?”

“ನಮ್ಮ ತಹಸೀಲ ಕಚೇರಿಯಷ್ಟ.”

ನಾನು ತುಟಿ ಕಚ್ಚಿ ಕೂತಿದ್ದೆ. ಆದರೆ ತಹಸೀಲ ಕಚೇರಿ! ಮಳೆ ಬಂದರೆ ಸೋರುವ ಆ ಕಟ್ಟಡವೆಲ್ಲಿ, ನಾನು ದೋಣಿಯಿಂದ ಕಣ್ಣಾರೆ ಕಂಡ ಯುದ್ಧನೌಕೆಯೆಲ್ಲಿ? ತಪ್ಪು ಉತ್ತರ ಕೇಳಿ ಸುಮ್ಮನಿರುವುದು ಇಪ್ಪತ್ತೇಳು ವರ್ಷ ಪೇಪರು ತಿದ್ದಿದ ಕೈಗೆ ಸಾಧ್ಯವೇ? “ಒಂದಲ್ಲವ್ವಾ, ಅಂಥಾ ನಾಕು ಕಚೇರಿಯಷ್ಟದ” ಅಂದುಬಿಟ್ಟೆ. ನಾನು ಸುಳ್ಳು ಹೇಳಲಿಲ್ಲ, ಅಳತೆ ತಿದ್ದಿದೆ ಅಷ್ಟೇ. ನೆರೆಯವರಿಬ್ಬರೂ ಬಾಯಿ ಮೇಲೆ ಬೆರಳಿಟ್ಟುಕೊಂಡರು.

“ಅದರಾಗ ನನ್ನ ಮಗ ಎಲ್ಲಿ ಕುಂದರ್ತಾನ್ರಿ?” ಎಂದು ಗೌರಾಬಾಯಿ ಮುಂದಕ್ಕೆ ಬಾಗಿ ಕೇಳಿದಳು.

“ಮ್ಯಾಲ” ಎಂದಳು ಮಹಾದೇವಿ. ಅದೇ ಗಳಿಗೆಗೆ “ಮುಂದ” ಎಂದೆ ನಾನು.

“ಮ್ಯಾಲ, ಮುಂದ” ಎಂದು ಗೌರಾಬಾಯಿ ನೆರೆಯವರಿಗೆ ಇನ್ನೊಮ್ಮೆ ಹೇಳಿದಳು. ಆಕೆಯ ಕಣ್ಣಲ್ಲಿ ನೀರು ಬಂತು. ಎದ್ದು ಬಂದು, ನಾನು ಬೇಡ ಬೇಡ ಎಂದರೂ ಕೇಳದೆ, ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ನಾನೇನು ಕಲಿಸೇನ್ರಿ, ಅಕ್ಷರ ಬಾರದಾಕಿ. ಎಲ್ಲಾ ನೀವು ಕಲಿಸಿದ್ದ್ರಿ ಮಾಸ್ತರ. ನನ್ನ ಮಗ ಥೇಟ ನಿಮ್ಮಂಗೇ ಆಗ್ಯಾನ” ಅಂದಳು.

“ಹೌದವ್ವಾ” ಎಂದೆ. ಆವತ್ತು ನಮ್ಮ ಮನೆಯಲ್ಲಿ ಯಾರಾದರೂ ಹಡಗಿನ ವಿಷಯದಲ್ಲಿ ಪೂರ್ತಿ ನಿಜ ಹೇಳಿದ್ದರೆ ಅದೊಂದೇ.